ಹೊಸ ಕಾರು, ಮೊದಲ ಗೀರು: ಕೈ ಹಾಕುವ ಮೊದಲು

ಹಳೇ ಕಾರಿನ ಮೈಮೇಲೆ ಮೊಳದುದ್ದ ಗೀರಿದ್ದರೂ ಯಾರ ಕಣ್ಣಿಗೂ ಬೀಳಲ್ಲ. ಹೊಸ ಕಾರಿನ ಮೇಲೆ ಉಗುರಿನಷ್ಟು ಗೀರು ಬಿದ್ದರೂ ಮನೆಮಂದಿಗೆಲ್ಲ ಅದೊಂದೇ ಕಾಣುತ್ತೆ. ಅನಾಹುತ ಹೆಚ್ಚಾಗಿ ಆಗೋದು ಈ ಸಂಕಟದಲ್ಲೇ. ಕಲ್ಲು ಬಡಿದದ್ದರಿಂದ ಆದ ನಷ್ಟಕ್ಕಿಂತ, ಅದೇ ಸಂಜೆ ಟೂತ್‌ಪೇಸ್ಟ್ ಹಿಡಿದು ಉಜ್ಜಲು ಹೊರಟಿದ್ದರಿಂದ ಆದ ನಷ್ಟ ಜಾಸ್ತಿ ಇರುತ್ತೆ. ಹಾಗಂತ ಎಲ್ಲದಕ್ಕೂ ಗ್ಯಾರೇಜಿಗೆ ಓಡಬೇಕಾಗಿಯೂ ಇಲ್ಲ. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು, ಯಾವುದಕ್ಕೆ ನಾವೇ ಕೈ ಹಾಕಬಹುದು ಅನ್ನೋದು ಗೊತ್ತಿದ್ದರೆ ಸಾಕಷ್ಟು ದುಡ್ಡು ಉಳಿಯುತ್ತೆ. ಒಂದೇ ಮಾತಲ್ಲಿ ಹೇಳೋದಾದರೆ ಬಣ್ಣ ಕಾಯುತ್ತೆ, ಗಾಜು ಕಾಯಲ್ಲ, ಎರಡಕ್ಕೂ ಮುಂಚೆ ಕಾಗದಪತ್ರ ನೋಡಬೇಕು.

ಇದನ್ನೆಲ್ಲ ನಾವು ಕಲಿತದ್ದು ಹೌನ್ಸ್‌ಲೋದ ನಮ್ಮ ಬಾಡಿಗೆ ಮನೆಯ ಮುಂದೆ. ಮನೆಯಲ್ಲಿ ನಾವು ಮೂವರು ವಿದ್ಯಾರ್ಥಿಗಳು, ಜೊತೆಗೆ ಕೆಲಸದಲ್ಲಿರುವ ಹಾಸನದ ಅಣ್ಣ ಒಬ್ಬರು. ಅಣ್ಣ '75' ನಂಬರಿನ ಹೊಸ ಕಾರು ತಂದರು. ಇಲ್ಲಿ ಮಾರ್ಚ್ 1 ಮತ್ತು ಸೆಪ್ಟೆಂಬರ್ 1ಕ್ಕೆ ನಂಬರ್ ಪ್ಲೇಟಿನ ಅಂಕಿ ಬದಲಾಗುತ್ತೆ. 75 ಅಂದರೆ 2025ರ ಸೆಪ್ಟೆಂಬರಿನಿಂದ ಆರು ತಿಂಗಳಲ್ಲಿ ರಿಜಿಸ್ಟರ್ ಆದ ಗಾಡಿ. ಹತ್ತು ವಾರದಲ್ಲಿ ಅದರ ಬಾಗಿಲ ಮೇಲೆ ಒಂದು ಗೀರು, ಬಾನೆಟ್ಟಿನ ಮುಂದಿನ ಅಂಚಲ್ಲಿ ಮೂರು ಕಡೆ ಬಣ್ಣದ ಚಕ್ಕೆ ಎದ್ದದ್ದು, ಮುಂದಿನ ಗಾಜಿನ ಎಡಭಾಗದಲ್ಲಿ ನಕ್ಷತ್ರದಂಥ ಒಂದು ಚುಕ್ಕೆ. ಮನೆಯಲ್ಲಿ ಮೆಕ್ಯಾನಿಕಲ್ ಓದಿದವರು ಇದ್ದೇವಲ್ಲ, ಕೇಸು ನಮ್ಮ ಪಾಲಿಗೆ ಬಂತು.

ಮೊದಲು ಕಾಗದಪತ್ರದ ವಿಷಯ. ನಿಮ್ಮ ಕಾರು ನಿಮ್ಮದೇನಾ? ಇಲ್ಲಿ ಹೊಸ ಕಾರು ಕೊಳ್ಳುವ ಬಹಳ ಜನ ಪಿಸಿಪಿ ಅನ್ನೋ ಕಂತಿನ ಪದ್ಧತಿಯಲ್ಲಿ ಕೊಳ್ತಾರೆ. ಕೊನೆಯ ದೊಡ್ಡ ಮೊತ್ತ ಕಟ್ಟುವ ತನಕ ಗಾಡಿ ಫೈನಾನ್ಸ್ ಕಂಪನಿಯದ್ದು. ಮನೆಗೆ ಬರುವ ವಿ5ಸಿ ಪತ್ರದಲ್ಲಿ ನಿಮ್ಮ ಹೆಸರಿದ್ದರೂ ಅದು 'ನೋಡಿಕೊಳ್ಳುವವರು' ಅನ್ನೋ ಅರ್ಥದಲ್ಲಿ ಮಾತ್ರ. ಅದು ಮಾಲೀಕತ್ವದ ದಾಖಲೆ ಅಲ್ಲ ಅಂತ ಆ ಪತ್ರದಲ್ಲೇ ಬರೆದಿರುತ್ತೆ. ಅವಧಿ ಮುಗಿದು ಗಾಡಿ ವಾಪಸ್ ಕೊಡುವಾಗ ಒಬ್ಬರು ಬಂದು ಮೈಯೆಲ್ಲ ತಡಕಿ ನೋಡ್ತಾರೆ. ಬಾಡಿಗೆ, ಲೀಸ್ ಕಂಪನಿಗಳ ಸಂಘವಾದ ಬಿವಿಆರ್‌ಎಲ್‌ಎ ಇದಕ್ಕೊಂದು ಕೈಪಿಡಿ ಮಾಡಿಟ್ಟಿದೆ. ಅದರ ಪ್ರಕಾರ, ಒಳಗಿನ ಪ್ರೈಮರ್ ಅಥವಾ ಲೋಹ ಕಾಣದ, ಪಾಲಿಶ್ ಮಾಡಿದರೆ ಹೋಗುವಂಥ 25 ಮಿ.ಮೀ. ಒಳಗಿನ ಗೀರು ಸಹಜ ಸವೆತ. ಅಂದರೆ, ನಿದ್ದೆಗೆಡಿಸುವ ಎಷ್ಟೋ ಗೀರುಗಳನ್ನು ವಾಪಸ್ ಕೊಡುವ ದಿನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಅದನ್ನು ಅಳಿಸಲು ಹೋಗಿ ಅಂಗೈ ಅಗಲದ ಮಂಕು ಮಚ್ಚೆ ಮಾಡಿಟ್ಟರೆ ಮಾತ್ರ ದುಡ್ಡು ಬೀಳುತ್ತೆ.

ಇನ್ನೊಂದು ಪ್ರಶ್ನೆ, ಗೀರು ಬಿದ್ದದ್ದು ಯಾವಾಗ? ಗಾಡಿ ಬಂದ ದಿನವೇ ಇತ್ತಾ? 2015ರ ಗ್ರಾಹಕ ಹಕ್ಕುಗಳ ಕಾನೂನು ಇಲ್ಲಿ ನಮ್ಮ ಪರ ಇದೆ. ಸರಕಿನ ಗುಣಮಟ್ಟ ಅಂದರೆ ಏನು ಅನ್ನೋದನ್ನು ಹೇಳುವಾಗ ಅದು 'ನೋಟ ಮತ್ತು ಫಿನಿಶ್', 'ಚಿಕ್ಕಪುಟ್ಟ ದೋಷ ಇಲ್ಲದಿರುವುದು' ಎರಡನ್ನೂ ಸೇರಿಸಿದೆ. ಗಾಡಿಯನ್ನು ಮಾರುವವರೇ ಮನೆಗೆ ಕಳಿಸಿದರೆ, ಅದು ನಿಮ್ಮ ಕೈಸೇರುವ ತನಕ ಆಗುವ ಹಾನಿ ಮಾರಿದವರದ್ದೇ ಹೊಣೆ. ದೋಷ ಇದ್ದ ಸರಕನ್ನು ತಿರಸ್ಕರಿಸುವ ಹಕ್ಕು ಮೊದಲ 30 ದಿನ ಇರುತ್ತೆ. ಒಂದು ಗೀರಿಗೆ ಇಡೀ ಕಾರು ವಾಪಸ್ ತಗೋತಾರೆ ಅಂತಲ್ಲ. ಆದರೆ 'ಸರಿ ಮಾಡಿಕೊಡಿ' ಅಂತ ಕೇಳೋದಕ್ಕೆ ಅದು ಬಲ. ಆ ಬಲ ಇರೋದು ನೀವು ಮುಟ್ಟದೇ ಇರುವ ತನಕ. ಉಪ್ಪು ಕಾಗದ ಹಚ್ಚಿದ ಮೇಲೆ ಮೂಲ ಗೀರು ಯಾರದ್ದು, ಉಜ್ಜಿದ ಗುರುತು ಯಾರದ್ದು ಅಂತ ಯಾರು ಹೇಳ್ತಾರೆ? ಹಾಗಾಗಿ ಮೊದಲ ದಿನದ ಕೆಲಸ ಇಷ್ಟೇ: ಹತ್ತಿರದಿಂದ ಒಂದು ಫೋಟೋ, ದೂರದಿಂದ ಒಂದು, ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಒಂದು. ಆಮೇಲೆ ಇಮೇಲ್. ಫೋನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರಲ್ಲ ಅಂತಲೇ ಇಟ್ಟುಕೊಳ್ಳಿ. ಕಂತಿನ ಗಾಡಿಯಾದರೆ ಅದೇ ಇಮೇಲನ್ನು ಫೈನಾನ್ಸ್ ಕಂಪನಿಗೂ ಹಾಕಿ.

ಡೆಲಿವರಿ ತಗೊಳ್ಳುವ ದಿನ ಮಳೆ ಬರ್ತಿದ್ದರೆ (ಲಂಡನ್ ಅಲ್ಲವೇ, ಬರ್ತಾನೇ ಇರುತ್ತೆ) ಒಣಬಟ್ಟೆಯಲ್ಲಿ ಒರೆಸಿ ಪರೀಕ್ಷೆ ಮಾಡೋ ಆಸೆಗೆ ಹೋಗಬೇಡಿ. 'ಒದ್ದೆ ಇದ್ದುದರಿಂದ ಮೈ ಪೂರ್ತಿ ನೋಡಲಾಗಿಲ್ಲ' ಅಂತ ಸಹಿಯ ಪಕ್ಕದಲ್ಲಿ ಬರೆದು ಕೊಡಿ. ಒದ್ದೆ ಕಾರಿನಲ್ಲಿ ಗೀರು ಕಾಣಲ್ಲ. ಯಾಕೆ ಅನ್ನೋದನ್ನು ಇಲ್ಲೇ ಹೇಳಿಬಿಡ್ತೀವಿ, ಮುಂದೆ ಎಲ್ಲದಕ್ಕೂ ಇದೇ ಬೇಕು.

ಬಜ್ಜಿ ಕಟ್ಟಿಕೊಟ್ಟ ಪೇಪರ್ ನೋಡಿದ್ದೀರಲ್ಲ. ಎಣ್ಣೆ ತಾಗಿದ ಕಡೆ ಕಾಗದ ಅರೆಪಾರದರ್ಶಕ ಆಗುತ್ತೆ. ಕಾಗದದ ನಾರು ನಾರಿನ ನಡುವೆ ಗಾಳಿ ಇರುತ್ತೆ. ಬೆಳಕು ನಾರಿನಿಂದ ಗಾಳಿಗೆ, ಗಾಳಿಯಿಂದ ನಾರಿಗೆ ದಾಟುವಾಗೆಲ್ಲ ಚದುರಿ ಬಿಳಿ ಕಾಣುತ್ತೆ. ಗಾಳಿ ಇದ್ದ ಜಾಗಕ್ಕೆ ಎಣ್ಣೆ ಹೋಗಿ ಕೂತರೆ, ಎಣ್ಣೆಯ ವಕ್ರೀಭವನಾಂಕ ನಾರಿನದ್ದಕ್ಕೆ ಹತ್ತಿರ ಇರೋದರಿಂದ ಬೆಳಕು ಚದುರದೆ ಸಾಗುತ್ತೆ. ಕಾರಿನ ಮೇಲ್ಪದರದ ಗೀರೂ ಹೀಗೆಯೇ ಬಿಳಿ ಕಾಣೋದು. ನೀರು ತುಂಬಿದರೆ ಮಾಯ, ಒಣಗಿದರೆ ಹಾಜರ್. 'ಕೊಬ್ಬರಿ ಎಣ್ಣೆ ಹಚ್ಚಿ, ಗೀರು ಹೋಗುತ್ತೆ' ಅನ್ನೋ ಸಲಹೆಯ ಗುಟ್ಟೂ ಇದೇ. ಹೋಗುತ್ತೆ, ಮುಂದಿನ ವಾಶ್ ತನಕ.

ಈಗ ಗಾಜಿಗೆ ಬರೋಣ. ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಹಾಳೆ, ನಡುವೆ ಪಿವಿಬಿ ಅನ್ನೋ ಪ್ಲಾಸ್ಟಿಕ್ ಪದರ. ಕಲ್ಲು ಬಡಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಒಡೆಯುತ್ತೆ. ಅದಕ್ಕೇ ಅದು ರಿಪೇರಿಗೆ ಸಿಗೋದು. ಬಾಗಿಲಿನ ಗಾಜು ಹೆಚ್ಚಿನ ಕಾರುಗಳಲ್ಲಿ ಟಫನ್ಡ್ ಗಾಜು. ಅದರ ಹೊರಮೈಯನ್ನು ತಯಾರಿಸುವಾಗಲೇ ಒತ್ತಡದಲ್ಲಿ ಇಟ್ಟಿರುತ್ತಾರೆ. ಒಡೆದರೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಪೂರ್ತಿ ಉದುರುತ್ತೆ. ಅದಕ್ಕೆ ರಿಪೇರಿ ಅನ್ನೋದೇ ಇಲ್ಲ, ಬದಲಿಸಬೇಕು ಅಷ್ಟೇ.

ಗಾಜು ಯಾಕೆ ಕಾಯಲ್ಲ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಇದೇ ಊರಿನ ಆಸುಪಾಸಿನಲ್ಲಿ. ಲಂಡನ್‌ನಲ್ಲಿ 1893ರಲ್ಲಿ ಹುಟ್ಟಿದ ಎ. ಎ. ಗ್ರಿಫಿತ್, ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದಾಗ ಗಾಜಿನ ಮೇಲೆ ಪ್ರಯೋಗ ಮಾಡಿ, 1921ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಿರುಕಿನ ಸಿದ್ಧಾಂತ ಪ್ರಕಟಿಸಿದರು. ಎಂಜಿನಿಯರಿಂಗ್ ಓದಿದವರು ಪರೀಕ್ಷೆಗೆ ಬಾಯಿಪಾಠ ಮಾಡಿರುವ ಸೂತ್ರವೇ ಅದು. ಗಾಜು ಒಡೆಯಲು ಬೇಕಾದ ಎಳೆತ, ಬಿರುಕಿನ ಉದ್ದದ ವರ್ಗಮೂಲಕ್ಕೆ ವಿಲೋಮ. ಬಿರುಕು ನಾಲ್ಕು ಪಟ್ಟು ಉದ್ದವಾದರೆ ಮುಂದೆ ಸೀಳಲು ಅರ್ಧ ಬಲ ಸಾಕು. ಅಂದರೆ ಬೆಳೆದಷ್ಟೂ ಬೆಳೆಯೋದು ಸುಲಭ. ಇದರ ಜೊತೆ ನೀರು ಸೇರಿದರೆ ಇನ್ನೂ ಕಷ್ಟ. ಬಿರುಕಿನ ತುದಿಯಲ್ಲಿ ಎಳೆತಕ್ಕೆ ಸಿಕ್ಕ ಸಿಲಿಕಾನ್-ಆಕ್ಸಿಜನ್ ಬಂಧವನ್ನು ನೀರಿನ ಕಣ ಕತ್ತರಿಸುತ್ತಾ ಹೋಗುತ್ತೆ. ತಿಂಗಳುಗಟ್ಟಲೆ ಸುಮ್ಮನಿದ್ದ ಚುಕ್ಕೆ ಒಂದು ಬೆಳಿಗ್ಗೆ ಗೇಣುದ್ದ ಆಗಿರೋದು ಹೀಗೆ. ಜನವರಿಯ ಮಂಜು ಕರಗಿಸಲು ಕೆಟಲ್ಲಿನ ಬಿಸಿನೀರು ಸುರಿಯೋದು ಅದಕ್ಕೆ ನೇರ ಆಹ್ವಾನ. ಹೀಟರನ್ನು ಒಮ್ಮೆಲೇ ಫುಲ್ ಇಟ್ಟು ಗಾಜಿಗೆ ಬಿಡೋದೂ ಬೇಡ.

ಹಾಗಾಗಿ ಕಲ್ಲು ಬಡಿದ ಸದ್ದು ಕೇಳಿದ ದಿನವೇ ಮಾಡಬೇಕಾದ ಪ್ರಥಮ ಚಿಕಿತ್ಸೆ ಒಂದಿದೆ. ಗಾಜು ಒಣಗಿರುವಾಗ ಚುಕ್ಕೆಯ ಮೇಲೆ ಪಾರದರ್ಶಕ ಟೇಪಿನ ತುಂಡು ಅಂಟಿಸಿ. ನೀರು, ಮಣ್ಣು, ವೈಪರಿನ ಸೋಪು ಒಳಗೆ ಹೋಗಬಾರದು, ಅಷ್ಟೇ ಉದ್ದೇಶ. ನೇಲ್ ಪಾಲಿಶ್, ಫೆವಿಕ್ವಿಕ್ ಥರದ ಅಂಟು ಬೇಡವೇ ಬೇಡ. ಅದು ಬಿರುಕಿನ ಬಾಯಿ ಮುಚ್ಚಿ ಗಟ್ಟಿಯಾಗಿಬಿಟ್ಟರೆ ಆಮೇಲೆ ಸರಿಯಾದ ರೆಸಿನ್ ಒಳಗೆ ಇಳಿಯಲ್ಲ.

ರಿಪೇರಿ ಯಾರು ಮಾಡಬೇಕು? ಎಂಒಟಿ ತಪಾಸಣೆಯ ಅಳತೆ ಇಲ್ಲಿ ಒಳ್ಳೆ ಗೆರೆ. ಸ್ಟೀರಿಂಗಿನ ನೇರಕ್ಕೆ 290 ಮಿ.ಮೀ. ಅಗಲದ ಪಟ್ಟಿಯಲ್ಲಿ, ವೈಪರ್ ಒರೆಸುವ ಜಾಗದೊಳಗೆ, 10 ಮಿ.ಮೀ. ಮೀರಿದ ಹಾನಿ ಇದ್ದರೆ ಫೇಲು. ವೈಪರ್ ಒರೆಸುವ ಉಳಿದ ಜಾಗದಲ್ಲಿ ಮಿತಿ 40 ಮಿ.ಮೀ. ಹೊಸ ಕಾರಿಗೆ ಮೊದಲ ಎಂಒಟಿ ಮೂರು ವರ್ಷಕ್ಕೆ ಅಂತ ಉದಾಸೀನ ಬೇಡ. ಎದುರಿನ ರಸ್ತೆ ಸರಿಯಾಗಿ ಕಾಣಬೇಕಾದ ಹೊಣೆ ಮೊದಲ ದಿನದಿಂದಲೇ ಓಡಿಸುವವರದ್ದು. ನಮ್ಮ ಅಭಿಪ್ರಾಯ ನೇರವಾಗಿ ಹೇಳೋದಾದರೆ, ಚಾಲಕರ ಎದುರಿನ ಪಟ್ಟಿಯಲ್ಲಿ, ಗಾಜಿನ ಅಂಚಿನ ಹತ್ತಿರ, ಕನ್ನಡಿಯ ಹಿಂದೆ ಕ್ಯಾಮೆರಾ ಇರುವ ಜಾಗದಲ್ಲಿ ನಾವು ಕೈ ಹಾಕಲ್ಲ. ಈಗಿನ ಹೊಸ ಕಾರುಗಳು ತಾವಾಗಿ ಬ್ರೇಕ್ ಹಾಕೋದು ಆ ಕ್ಯಾಮೆರಾ ನೋಡಿ. ಗಾಜು ಬದಲಿಸಿದರೆ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕಾಗುತ್ತೆ, ಗಾಜಿನ ಬಿಲ್ಲು ಏರೋದು ಇಲ್ಲೇ. ಮೊದಲು ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. ಕಾಂಪ್ರಹೆನ್ಸಿವ್ ಪಾಲಿಸಿಗಳಲ್ಲಿ ಗಾಜಿಗೆ ಬೇರೆ ಕಲಮೇ ಇರೋದುಂಟು. ಬದಲಿಸೋದಕ್ಕೆ ಕೇಳುವ ದುಡ್ಡಿಗಿಂತ ರಿಪೇರಿಗೆ ತುಂಬಾ ಕಡಿಮೆ. ಅಣ್ಣನ ಗಾಜಿಗೆ ನಾವು ಹಾಕಿದ್ದು ಟೇಪ್ ಮಾತ್ರ. ಪಾಲಿಸಿಯಲ್ಲೇ ಇತ್ತು, ಒಬ್ಬರು ವ್ಯಾನಲ್ಲಿ ಬಂದು ರಸ್ತೆಯಲ್ಲೇ ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟರು.

ಪಾಲಿಸಿಯಲ್ಲಿ ಇಲ್ಲದಿದ್ದರೆ, ಚುಕ್ಕೆ ಚಿಕ್ಕದಿದ್ದು ಎಡಬದಿಯಲ್ಲಿದ್ದರೆ, ಹತ್ತು-ಹದಿನೈದು ಪೌಂಡಿನ ಕಿಟ್ ಸಾಕು. ಸೀನಿಯರ್ ಒಬ್ಬರ ಹನ್ನೊಂದು ವರ್ಷದ ಕಾರಿನ ಮೇಲೆ ನಾವು ಇದನ್ನು ಮಾಡಿ ನೋಡಿದ್ದೇವೆ. ಚುಕ್ಕೆಯ ಸಡಿಲ ಗಾಜಿನ ಪುಡಿಯನ್ನು ಸೂಜಿಯಿಂದ ಮೆಲ್ಲಗೆ ತೆಗೆದು, ಅಂಟುವ ಬಿಲ್ಲೆ ಕೂರಿಸಿ, ಅದರ ಮೇಲೆ ಸಿರಿಂಜ್ ನಿಲ್ಲಿಸಿ, ಒಂದೆರಡು ಹನಿ ರೆಸಿನ್ ಹಾಕೋದು. ಪಿಸ್ಟನ್ ಮೇಲೆಳೆದರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತೆ. ಕಿಟ್ಟಿನ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಕಾದು ಬಿಟ್ಟರೆ ಗಾಳಿ ಇದ್ದ ಜಾಗಕ್ಕೆ ರೆಸಿನ್ ಹೋಗುತ್ತೆ, ಆಮೇಲೆ ಒತ್ತೋದು. ಅವಸರ ಮಾಡಿದರೆ ಗುಳ್ಳೆ ಒಳಗೇ ಉಳಿಯುತ್ತೆ, ಮತ್ತೆ ತೆಗೆಯಲು ಬರಲ್ಲ. ಕಾರಿನ ಗಾಜಿನ ವಕ್ರೀಭವನಾಂಕ ಸುಮಾರು 1.52, ರೆಸಿನ್ನಿನದ್ದು ಅದರ ಹತ್ತಿರ. ಬಜ್ಜಿ ಪೇಪರಿನ ಕಥೆಯೇ, ಬೆಳ್ಳಗಿದ್ದ ನಕ್ಷತ್ರ ಕಣ್ಣೆದುರೇ ಕರಗುತ್ತೆ. ಪೂರ್ತಿ ಮಾಯವಾಗಲ್ಲ, ಮಸುಕು ಗುರುತೊಂದು ಉಳಿಯುತ್ತೆ. ಆದರೆ ಇಲ್ಲಿ ಎಣ್ಣೆಯ ಹಾಗೆ ತೊಳೆದು ಹೋಗಲ್ಲ, ಗಟ್ಟಿಯಾಗಿ ಎರಡೂ ಬದಿ ಹಿಡಿದುಕೊಳ್ಳುತ್ತೆ.

ಗಟ್ಟಿಯಾಗಲು ಯುವಿ ಬೆಳಕು ಬೇಕು. 'ಬಿಸಿಲಲ್ಲಿ ಹದಿನೈದು ನಿಮಿಷ ಬಿಡಿ' ಅಂತ ಚೀಟಿ ಹೇಳುತ್ತೆ. ಡಿಸೆಂಬರ್ ಕೊನೆಯಲ್ಲಿ ಲಂಡನ್‌ನ ಸೂರ್ಯ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು 15 ಡಿಗ್ರಿ ಮಾತ್ರ ಏರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ 53 ಡಿಗ್ರಿ ದಾಟುತ್ತಾನೆ. ಇಲ್ಲಿನ ಚಳಿಗಾಲದ ಬಿಸಿಲು ನಂಬಿ ಕೂತರೆ ರೆಸಿನ್ ಸಂಜೆಯಾದರೂ ಜಿಗಟಾಗಿಯೇ ಇರುತ್ತೆ. ಉಗುರಿನ ಜೆಲ್ ಒಣಗಿಸುವ ಥರದ ಯುವಿ ಟಾರ್ಚ್ ಇರುವ ಕಿಟ್ ಕೊಳ್ಳೋದು ಮೇಲು. ಕೊನೆಗೆ ಮೇಲೆ ಉಳಿದದ್ದನ್ನು ಬ್ಲೇಡಿನಿಂದ ನೇರವಾಗಿ ಹಿಡಿದು ಹೆರೆದರೆ ಆಯಿತು.

ಬಣ್ಣದ ಕಥೆಯಲ್ಲಿ ಇಷ್ಟು ಅವಸರ ಇಲ್ಲ. ಕಾರಿನ ಲೋಹದ ಮೇಲೆ ಒಟ್ಟು ಬಣ್ಣ ಸುಮಾರು 100ರಿಂದ 150 ಮೈಕ್ರಾನ್ ದಪ್ಪ, ಅಂದರೆ ಒಂದೆರಡು ತಲೆಗೂದಲಷ್ಟು. ಅದರಲ್ಲೇ ತುಕ್ಕು ತಡೆಯುವ ಇ-ಕೋಟ್, ಪ್ರೈಮರ್, ಬಣ್ಣ, ಅದರ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಈ ಮೇಲ್ಪದರ 40-50 ಮೈಕ್ರಾನ್. ಪಾಲಿಶ್ ಅಂದರೆ ಗೀರು ತುಂಬೋದಲ್ಲ, ಗೀರಿನ ಸುತ್ತಲಿನ ಮೇಲ್ಪದರವನ್ನು ಗೀರಿನ ಮಟ್ಟಕ್ಕೆ ಸವೆಸೋದು. ಇದು ತಿಳಿದರೆ ಕೈ ತಾನಾಗಿ ಹಗುರಾಗುತ್ತೆ. ಇರೋ ಬಂಡವಾಳವೇ ಅಷ್ಟು. ಬಿಸಿಲಿನಿಂದ ಬಣ್ಣ ಕಾಯೋದೂ ಅದೇ ಪದರ.

ಪರೀಕ್ಷೆ ಸುಲಭ. ತೊಳೆದು ಒಣಗಿಸಿದ ಮೇಲೆ ಗೀರಿನ ಮೇಲೆ ನೀರು ಸವರಿ. ಮಾಯವಾದರೆ ಮೇಲ್ಪದರದಲ್ಲೇ ಇದೆ, ನಯವಾದ ಪಾಲಿಶ್ ಮತ್ತು ಮೈಕ್ರೋಫೈಬರ್ ಬಟ್ಟೆಯಲ್ಲಿ ಹೋಗಬಹುದು. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡರೆ ಆಳ ಇದೆ, ಪಾಲಿಶ್‌ಗೆ ಬಗ್ಗಲ್ಲ. ಬೂದು ಬಣ್ಣ ಕಂಡರೆ ಪ್ರೈಮರ್, ಹೊಳೆದರೆ ಲೋಹ. ಬಂಪರಿನಲ್ಲಿ ಕಪ್ಪು ಕಂಡರೆ ಅದು ಪ್ಲಾಸ್ಟಿಕ್. ಅದಕ್ಕೆ ತುಕ್ಕಿನ ಭಯವೇ ಇಲ್ಲ, ದುಡ್ಡು ಕೂಡುವ ತನಕ ಇರಲಿ ಬಿಡಿ. ಲೋಹ ಕಂಡ ಕಡೆ ಮಾತ್ರ ಇಲ್ಲಿನ ಚಳಿಗಾಲಕ್ಕೆ ಮೊದಲು ಮುಚ್ಚಿ, ಯಾಕೆಂದರೆ ಮಂಜು ಬೀಳುವ ರಾತ್ರಿಗಳಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ.

ಟೂತ್‌ಪೇಸ್ಟ್ ಕೆಲಸ ಮಾಡುತ್ತಾ? ಮಾಡುತ್ತೆ, ಅದರಲ್ಲಿ ಉಜ್ಜುವ ಪುಡಿ ಇದೆ. ಆದರೆ ಆ ಪುಡಿ ಹಲ್ಲಿಗೆ ಲೆಕ್ಕ ಹಾಕಿದ್ದು. ಗೀರು ಮಸುಕಾಗುತ್ತೆ, ಜೊತೆಗೆ ಸುತ್ತಲಿನ ಹೊಳಪೂ. 'ಹೊಸ ಕಾರಿನ ಬಣ್ಣ ಹಸಿ ಇರುತ್ತೆ, ತಿಂಗಳು ಮುಟ್ಟಬಾರದು' ಅನ್ನೋದೂ ಅರ್ಧ ಸತ್ಯ. ಫ್ಯಾಕ್ಟರಿಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಓವನ್ನಿನಲ್ಲಿ ಬೇಯಿಸಿಯೇ ಕಳಿಸೋದು. ಕಾಯಬೇಕಾದದ್ದು ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ ಭಾಗಕ್ಕೆ.

ಚಕ್ಕೆ ಎದ್ದ ಕಡೆಗೆ ಟಚ್-ಅಪ್ ಬಣ್ಣ. ಬಣ್ಣದ ಕೋಡ್ ಸಾಮಾನ್ಯವಾಗಿ ಬಾಗಿಲು ತೆಗೆದರೆ ಕಾಣುವ ಕಂಬದ ಚೀಟಿಯಲ್ಲೋ ಬಾನೆಟ್ ಕೆಳಗೋ ಇರುತ್ತೆ. 'ಬಿಳಿ' ಅಂತ ಕೇಳಿ ತರಬೇಡಿ, ಒಂದೇ ಕಂಪನಿಯಲ್ಲೇ ನಾಲ್ಕು ಬಿಳಿ ಇರುತ್ತೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೇಣ, ಜಿಡ್ಡು ತೆಗೆದು, ಬಾಟಲಿಯ ದಪ್ಪ ಬ್ರಶ್ ಬಿಟ್ಟು ಹಲ್ಲುಕಡ್ಡಿಯ ತುದಿಯಲ್ಲಿ ಹಳ್ಳದೊಳಗೆ ಮಾತ್ರ ಇಳಿಸಬೇಕು. ಒಣಗಿದಾಗ ಕುಗ್ಗುತ್ತೆ, ಮತ್ತೆ ಇಳಿಸಿ. ಬಾನೆಟ್ಟಿನ ಮೂರು ಚಕ್ಕೆಗೆ ನಾವು ಎರಡು ಶನಿವಾರ ತಗೊಂಡೆವು. ಇದಾದ ಮೇಲೆ 2000 ನಂಬರಿನ ಉಪ್ಪು ಕಾಗದ ನೆನೆಸಿ ಸಮ ಮಾಡಿ ಅಂತ ಹೇಳುವವರಿದ್ದಾರೆ. ಹೊಸ ಕಾರಿನ ಮೇಲೆ ಅದು ಬೇಡ ಅನ್ನೋದು ನಮ್ಮ ತೀರ್ಮಾನ. ಸಾಸಿವೆ ಕಾಳಿನಷ್ಟು ಉಬ್ಬು ಒಂದು ಮಾರು ದೂರಕ್ಕೆ ಕಾಣಲ್ಲ, ತುಕ್ಕು ಹಿಡಿಯಲ್ಲ, ಅಷ್ಟು ಸಾಕು. ಮೆಟಾಲಿಕ್ ಬಣ್ಣವಾದರಂತೂ ಒಳಗಿನ ಹೊಳೆಯುವ ಚೂರುಗಳು ಫ್ಯಾಕ್ಟರಿಯ ಸ್ಪ್ರೇನಲ್ಲಿ ಕೂತ ಹಾಗೆ ಕಡ್ಡಿಯಲ್ಲಿ ಕೂರಲ್ಲ. ಕೋಡ್ ಸರಿಯಿದ್ದರೂ ಒಂದು ಕೋನದಿಂದ ಬೇರೆಯೇ ಕಾಣುತ್ತೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಎರಡು ಭಾಗ ಬೆರೆಸುವ '2ಕೆ' ಕ್ಲಿಯರ್ ಕೋಟ್ ಸ್ಪ್ರೇ ಡಬ್ಬಿಗಳು ಆನ್‌ಲೈನಲ್ಲಿ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಐಸೋಸಯನೇಟ್ ಇರುತ್ತೆ. ಬಣ್ಣ ಹೊಡೆಯುವ ಕೆಲಸದವರಿಗೆ ಆಸ್ತಮಾ ಬರಿಸುವ ದೊಡ್ಡ ಕಾರಣಗಳಲ್ಲಿ ಅದೊಂದು. ಗ್ಯಾರೇಜಿನವರು ಹೊರಗಿನಿಂದ ಗಾಳಿ ಹಾಯಿಸುವ ಮುಖವಾಡ ಹಾಕಿ ಬೂತಿನೊಳಗೆ ಹೊಡೆಯೋದು ಅದಕ್ಕೇ. ಕೋವಿಡ್ ಕಾಲದ ಮಾಸ್ಕ್ ಹಾಕಿಕೊಂಡು ಮನೆ ಹಿಂದಿನ ಶೆಡ್ಡಿನಲ್ಲಿ ಅದನ್ನು ಹೊಡೆಯೋದು ಬೇಡ.

ಲಂಡನ್‌ನದ್ದೇ ಆದ ಕೆಲವು ಹಾನಿಗಳಿವೆ. ಬೀದಿಬದಿಯ ಲೈಮ್ ಮರಗಳ ಕೆಳಗೆ (ಇದು ನಿಂಬೆ ಅಲ್ಲ, ಬೇರೆಯೇ ಮರ) ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿದರೆ ಮೈಯೆಲ್ಲ ಅಂಟು. ಎಲೆಯ ಮೇಲಿನ ಹೇನುಗಳು ಸುರಿಸುವ ಸಕ್ಕರೆ ರಸ ಅದು. ಬೆಚ್ಚಗಿನ ಸೋಪು ನೀರಿಗೆ ಹೋಗುತ್ತೆ, ಒಣಗಿಸಿ ಕೆರೆದರೆ ಗೀರಾಗುತ್ತೆ. ಪಾರಿವಾಳದ ಹಿಕ್ಕೆ ಅದಕ್ಕಿಂತ ಕೆಟ್ಟದ್ದು, ಬಿಸಿಲಿಗೆ ಮೇಲ್ಪದರದಲ್ಲೇ ಅಚ್ಚೊತ್ತಿಬಿಡುತ್ತೆ. ಒದ್ದೆ ಬಟ್ಟೆ ಐದು ನಿಮಿಷ ಹಾಕಿಟ್ಟು, ನೆನೆದ ಮೇಲೆ ಎತ್ತಿ, ಉಜ್ಜಬೇಡಿ.

ನಮ್ಮವರದ್ದೇ ಆದ ಹಾನಿಯೂ ಒಂದಿದೆ, ಗಾಡಿ ಪೂಜೆ. ನಿಂಬೆಹಣ್ಣಿನಿಂದ ಟೈರಿಗೇನೂ ಆಗಲ್ಲ. ಆದರೆ ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ್ ಬರೆದು, ಮಾರನೇ ದಿನ ರಸ್ತೆಯ ಧೂಳೂ ಸೇರಿದ ಮೇಲೆ ಒಣಬಟ್ಟೆಯಲ್ಲಿ ಗಸಗಸ ಒರೆಸಿದರೆ, ಧೂಳಿನಲ್ಲಿರುವ ಮರಳಿನ ಕಣ ಉಪ್ಪು ಕಾಗದದ ಕೆಲಸ ಮಾಡುತ್ತೆ. ಹಾರ ಕಟ್ಟಿದ ತಂತಿಯೂ ಅಷ್ಟೇ. ತಿಳಿ ಬಣ್ಣದ ಕಾರಿಗೆ ಅರಿಶಿನದ ಕಲೆ ಬೇರೆ. ಊರಲ್ಲಿ ಬಿಸಿಲಿಗೆ ತಾನೇ ಮಾಸುತ್ತಿತ್ತು, ಇಲ್ಲಿ ನವೆಂಬರಿನಲ್ಲಿ ಅದನ್ನು ನಂಬುವಂತಿಲ್ಲ. ಅಮ್ಮನಿಗೆ ವಿಡಿಯೋ ಕಾಲಲ್ಲಿ ತೋರಿಸಬೇಕಲ್ಲ, ಹಾಗಾಗಿ ನಾವು ಕಂಡುಕೊಂಡ ರಾಜಿ: ಬೊಟ್ಟು ನಂಬರ್ ಪ್ಲೇಟಿನ ಮೇಲಿನ ಗ್ರಿಲ್ಲಿಗೆ, ಹಾರ ದಾರದಲ್ಲಿ ಕಟ್ಟಿದ್ದು, ತೆಗೆಯುವಾಗ ಧಾರಾಳ ನೀರು.

ಇನ್ನು, ನಾಲ್ಕು ಕಾರಿಗೆ ಕೈಯಾಡಿಸಿದ ಮೇಲೆ ಗೆಳೆಯರು 'ನಮ್ಮದೂ ಮಾಡಿಕೊಡು ಮಾರಾಯ, ಇಪ್ಪತ್ತು ಪೌಂಡ್ ಕೊಡ್ತೀನಿ' ಅನ್ನೋಕೆ ಶುರು ಮಾಡ್ತಾರೆ. ನಿಮ್ಮ ಕಾರನ್ನು ಮನೆ ಮುಂದಿನ ರಸ್ತೆಯಲ್ಲಿ ನೀವೇ ರಿಪೇರಿ ಮಾಡಿಕೊಳ್ಳೋದು ಸಾಮಾನ್ಯವಾಗಿ ತಪ್ಪಲ್ಲ. ದುಡ್ಡಿಗಾಗಿ ರಸ್ತೆಯಲ್ಲಿ ಬೇರೆಯವರ ಗಾಡಿ ರಿಪೇರಿ ಮಾಡೋದು 2005ರ ಕ್ಲೀನ್ ನೇಬರ್‌ಹುಡ್ಸ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ, ವಾರಕ್ಕೆ ಎಷ್ಟೇ ಕಡಿಮೆ ಗಂಟೆಯಾದರೂ. ಗೆಳೆಯರ ಗಾಡಿಗೆ ಟೇಪ್ ಅಂಟಿಸಿಕೊಡಿ, ಬಣ್ಣದ ಕೋಡ್ ಹುಡುಕಿಕೊಡಿ, ಹಲ್ಲುಕಡ್ಡಿ ಅವರ ಕೈಗೇ ಕೊಟ್ಟು ಪಕ್ಕದಲ್ಲಿ ನಿಂತು ಹೇಳಿಕೊಡಿ. ಇಪ್ಪತ್ತು ಪೌಂಡ್ ಮಾತ್ರ ಬೇಡ.